ತೋಳಿನ ಮೇಲಿನ ಒಡಿಕತ್ತಿ

"ತೋಳಿನ ಮೇಲಿರೋ ಹಚ್ಚೆ ತೆಗೆಸೋದಕ್ಕೆ ಎಷ್ಟು ದಿನ ಬೇಕು ಡಾಕ್ಟ್ರಮ್ಮ?"

"ದಿನದ ಲೆಕ್ಕ ಬೇಡ ಅಂಕಲ್, ತಿಂಗಳ ಲೆಕ್ಕ ಹಾಕಿ. ವರ್ಷ ದಾಟಿದರೂ ದಾಟಬಹುದು."

ಕೇಳಿದವರು ಸೇನೆಯಿಂದ ನಿವೃತ್ತರಾಗಿ ಬಂದು ವಿರಾಜಪೇಟೆ ಕಡೆ ಕಾಫಿ ತೋಟ ನೋಡಿಕೊಳ್ಳುತ್ತಿರುವ ಸುಬೇದಾರರು. ಊರಿನ ಹುಡುಗರನ್ನು ಬೆಳಿಗ್ಗೆ ಮೈದಾನಕ್ಕೆ ಕರೆದು 1.6 ಕಿಲೋಮೀಟರ್ ಓಟ, ಬೀಮ್, 9 ಅಡಿ ಹಳ್ಳದ ಜಿಗಿತ ಎಲ್ಲ ಕಲಿಸಿ ಸೇನಾ ನೇಮಕಾತಿಗೆ ಸಜ್ಜು ಮಾಡುವುದು ಅವರ ಈಗಿನ ಕೆಲಸ. ಉತ್ತರ ಕೊಟ್ಟವರು ಅವರ ಪಕ್ಕದೂರಿನಲ್ಲೇ ಬೆಳೆದು ಈಗ ಮಡಿಕೇರಿಯಲ್ಲಿ ಚರ್ಮದ ಕಾಯಿಲೆ ನೋಡುವ ವೈದ್ಯೆ. ಕಕ್ಕಡ ತಿಂಗಳ ಭಾನುವಾರ, ಜಗಲಿಯಾಚೆ ಮಳೆ. ಸುಬೇದಾರರ ಮನಸ್ಸಿನಲ್ಲಿದ್ದದ್ದು ಒಬ್ಬ ಹುಡುಗನ ತೋಳು.

ಹುಡುಗನಿಗೆ ಹತ್ತೊಂಬತ್ತು. ಓಟವನ್ನು ಐದೂವರೆ ನಿಮಿಷದೊಳಗೆ ಮುಗಿಸುತ್ತಾನೆ, ಓದಿನಲ್ಲೂ ಹಿಂದಿಲ್ಲ. ಆದರೆ ಬೆಂಗಳೂರಿನಲ್ಲಿ ಕಾಲೇಜಿಗೆ ಸೇರಿದ ವರ್ಷ ಗೆಳೆಯರೊಂದಿಗೆ ಹೋಗಿ ಬಲತೋಳಿನ ಮೇಲ್ಭಾಗದಲ್ಲಿ ಕೊಡವರ ಸಾಂಪ್ರದಾಯಿಕ ಆಯುಧವಾದ ಒಡಿಕತ್ತಿ ಎರಡು, ಕೆಳಗೆ ತನ್ನ ಒಕ್ಕದ, ಅಂದರೆ ಮನೆತನದ, ಹೆಸರು ಬರೆಸಿಕೊಂಡು ಬಂದಿದ್ದ. ತೋಳಿಲ್ಲದ ಅಂಗಿ ತೊಟ್ಟು ಮೈದಾನಕ್ಕೆ ಬಂದ ದಿನವೇ ಸುಬೇದಾರರ ಕಣ್ಣಿಗೆ ಅದು ಬಿದ್ದಿತ್ತು.

"ಅವನು ಅಂತಾನೆ, ಒಡಿಕತ್ತಿ ನಮ್ಮ ಹೆಮ್ಮೆ ಅಲ್ವಾ ತಾತ, ಕೈಲ್‌ಪೊಳ್ದ್ ಹಬ್ಬಕ್ಕೆ ನಾವು ಪೂಜೆ ಮಾಡೋದೇ ಅದಕ್ಕೆ ಅಲ್ವಾ ಅಂತ. ಹೆಮ್ಮೆ ಸರಿ. ಆದರೆ ಅಗ್ನಿವೀರ್ ಅಧಿಸೂಚನೆಯಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಶಾಶ್ವತ ಹಚ್ಚೆ ಇರಬಹುದಾದ್ದು ಮುಂಗೈಯ ಒಳಮೈಯಲ್ಲಿ, ಅಂದರೆ ಮೊಣಕೈ ಒಳಭಾಗದಿಂದ ಮಣಿಕಟ್ಟಿನವರೆಗೆ. ಇಲ್ಲವೇ ಅಂಗೈಯ ಹಿಂಬದಿಯಲ್ಲಿ. ಬೇರೆಲ್ಲಿದ್ದರೂ ಆಯ್ಕೆ ಇಲ್ಲ. ಮುಖ, ಮೈ ಮೇಲೆ ಹಚ್ಚೆ ಹಾಕಿಸಿಕೊಳ್ಳುವ ರೂಢಿಯ ಬುಡಕಟ್ಟುಗಳಿಗೆ ಮಾತ್ರ ವಿನಾಯಿತಿ, ಅದೂ ಸರ್ಕಾರ ಗುರುತಿಸಿದವರಿಗೆ. ಕೊಡವರಿಗೆ ಒಡಿಕತ್ತಿ ಹಿಡಿಯುವ ಪದ್ಧತಿ ಉಂಟು, ಬರೆಸಿಕೊಳ್ಳುವ ಪದ್ಧತಿ ಎಲ್ಲಿತ್ತು?"

"ಬಿಎಸ್‌ಎಫ್, ಸಿಆರ್‌ಪಿಎಫ್‌ಗೂ ಇದೇ ನಿಯಮವಾ?"

"ಅಲ್ಲಿ ಇನ್ನೂ ಬಿಗಿ. ಮುಂಗೈಯ ಒಳಭಾಗ ಅಂದರೆ ಎಡಗೈದು ಮಾತ್ರ, ಸೆಲ್ಯೂಟ್ ಹೊಡೆಯುವ ಕೈಯಲ್ಲಿ ಇರಬಾರದು. ಅಳತೆಯೂ ಆ ಅಂಗದ ಕಾಲು ಭಾಗ ಮೀರಬಾರದು. ಹುಡುಗರು ಇದನ್ನೆಲ್ಲ ಓದೋದು ಹಚ್ಚೆ ಹಾಕಿಸಿದ ಮೇಲೆ."

ಕೊಡಗಿನಲ್ಲಿ ಈ ಮಾತಿಗೆ ಬೇರೆ ಊರುಗಳಲ್ಲಿ ಇಲ್ಲದ ತೂಕವಿದೆ. ಸೇನಾನಾಯಕರಾದ ಕಾರ್ಯಪ್ಪ, ತಿಮ್ಮಯ್ಯನವರ ನಾಡು. ಕೂಡಿಗೆಯಲ್ಲಿ ಸೈನಿಕ ಶಾಲೆ ಇದೆ, ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆಯೇ ಈಗ ವಸ್ತುಸಂಗ್ರಹಾಲಯ. ಸೇನೆಯ ನಂಟಿಲ್ಲದ ಕುಟುಂಬ ಇಲ್ಲಿ ಹುಡುಕಿದರೆ ಸಿಗಬೇಕು. ಬೆಂಗಳೂರಿನ ಹುಡುಗನಿಗೆ ಹಚ್ಚೆಯ ಪಶ್ಚಾತ್ತಾಪ ಹೆಚ್ಚಾಗಿ ಹಳೆಯ ಪ್ರೇಮದ ಹೆಸರಿನಿಂದ ಬಂದರೆ, ಇಲ್ಲಿ ಅದು ನೇಮಕಾತಿ ಮೈದಾನದಲ್ಲಿ ಅಂಗಿ ಕಳಚುವ ಹೊತ್ತಿಗೆ ಬರುತ್ತದೆ. ಅರ್ಜಿ ಹಾಕಬಹುದಾದ ವಯಸ್ಸು ಹದಿನೇಳೂವರೆಗೆ ಶುರುವಾಗಿ ಕೆಲವೇ ವರ್ಷಗಳಲ್ಲಿ ಮುಗಿದುಹೋಗುತ್ತದೆ. ಹಚ್ಚೆ ಅಷ್ಟು ಬೇಗ ಹೋಗುವುದಿಲ್ಲ.

"ಸೂಜಿ ಚುಚ್ಚಿ ಒಂದು ಗಂಟೆಯಲ್ಲಿ ಹಾಕಿದ ಬಣ್ಣ. ತೆಗೆಯೋಕೆ ವರ್ಷ ಯಾಕೆ?"

"ಬಣ್ಣ ಕೂತಿರೋದು ಮೇಲ್ಚರ್ಮದಲ್ಲಿ ಅಲ್ಲ ಅಂಕಲ್. ಮೇಲ್ಚರ್ಮ ತಿಂಗಳು, ಒಂದೂವರೆ ತಿಂಗಳಿಗೆ ತಾನೇ ಉದುರಿ ಹೊಸದಾಗುತ್ತೆ. ಅಲ್ಲಿದ್ದಿದ್ದರೆ ಮದರಂಗಿ ಹಾಗೆ ಹೋಗಿಬಿಡ್ತಿತ್ತು. ಹಚ್ಚೆ ಸೂಜಿ ಅದರ ಕೆಳಗಿನ ಒಳಚರ್ಮಕ್ಕೆ ಬಣ್ಣ ಇಳಿಸುತ್ತೆ. ಹೊರಗಿನ ವಸ್ತು ಬಂತು ಅಂತ ನಮ್ಮ ಮೈಯ ಭಕ್ಷಕ ಕೋಶಗಳು ಓಡಿ ಬಂದು ನುಂಗುತ್ತವೆ. ನುಂಗಿದ್ದನ್ನು ಅರಗಿಸೋಕೆ ಅವಕ್ಕೆ ಆಗಲ್ಲ, ಅಲ್ಲೇ ಹಿಡ್ಕೊಂಡು ಕೂತುಬಿಡುತ್ತವೆ. ಫ್ರಾನ್ಸಿನ ಮಾರ್ಸೇ ನಗರದ ವಿಜ್ಞಾನಿಗಳು ಇಲಿಗಳ ಮೇಲೆ ಮಾಡಿದ ಅಧ್ಯಯನ 2018ರಲ್ಲಿ ಪ್ರಕಟವಾಯ್ತು. ಬಣ್ಣ ನುಂಗಿದ ಕೋಶ ಸತ್ತರೆ ಬಣ್ಣ ಹೊರಬೀಳುತ್ತೆ, ಪಕ್ಕಕ್ಕೆ ಬಂದ ಹೊಸ ಕೋಶ ಅದನ್ನೇ ಮತ್ತೆ ನುಂಗುತ್ತೆ. ಹೀಗೆ ಕಾವಲು ಬದಲಾಗ್ತಾ ಇರುತ್ತೆ, ಹಚ್ಚೆ ಅಲ್ಲೇ ಇರುತ್ತೆ."

"ಲೇಸರ್ ಏನು ಮಾಡುತ್ತೆ ಮತ್ತೆ?"

"ಬಣ್ಣದ ಕಣವನ್ನು ಒಡೆದು ಪುಡಿ ಮಾಡುತ್ತೆ, ಅಷ್ಟೇ. ಸೆಕೆಂಡಿನ ನೂರು ಕೋಟಿ ಭಾಗಗಳಲ್ಲಿ ಕೆಲವೇ ಭಾಗದಷ್ಟು ಹೊತ್ತು ಬೆಳಕು ಬೀಳುತ್ತೆ. ಕಣ ಕಾದು ಸಿಡಿಯುತ್ತೆ, ಸುತ್ತಲಿನ ಚರ್ಮಕ್ಕೆ ಆ ಬಿಸಿ ಹರಡೋಕೆ ಸಮಯವೇ ಸಿಗಲ್ಲ. ಇಂಥ ಬಣ್ಣಕ್ಕೆ ಇಂಥ ಬೆಳಕು, ಇಷ್ಟೇ ಹೊತ್ತು ಅನ್ನೋ ಲೆಕ್ಕವನ್ನು ಅಮೆರಿಕದ ಆಂಡರ್ಸನ್ ಮತ್ತು ಪ್ಯಾರಿಶ್ 1983ರಲ್ಲಿ ಬರೆದಿಟ್ಟರು, ಈಗಿನ ಚಿಕಿತ್ಸೆಯೆಲ್ಲ ಅದರ ಮೇಲೇ ನಿಂತಿದೆ. ಪುಡಿಯಾದದ್ದನ್ನು ಸಾಗಿಸಬೇಕಾದ್ದು ಮಾತ್ರ ನಮ್ಮ ಮೈಯೇ. ಅದಕ್ಕೆ ವಾರಗಟ್ಟಲೆ ಬೇಕು. ಅದಕ್ಕೇ ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಕಡಿಮೆಯೆಂದರೂ ಆರರಿಂದ ಎಂಟು ವಾರ ಬಿಡುತ್ತೇವೆ. ಅವಸರ ಮಾಡಿದರೆ ಲಾಭ ಇಲ್ಲ, ಚರ್ಮಕ್ಕೆ ಏಟು ಹೆಚ್ಚು."

ಸುಬೇದಾರರು ಬೆರಳು ಮಡಚಿ ಎಣಿಸತೊಡಗಿದರು. ವೈದ್ಯೆ ಅವರ ಎಣಿಕೆಗೆ ಒಂದು ಆಧಾರ ಕೊಟ್ಟರು. ಇಟಲಿಯ ಮಿಲಾನಿನಲ್ಲಿ 352 ಮಂದಿಯ ಹಚ್ಚೆ ತೆಗೆದ ದಾಖಲೆಯನ್ನು ಅಲ್ಲಿನ ವೈದ್ಯರು 2012ರಲ್ಲಿ ಪ್ರಕಟಿಸಿದ್ದರು. ಹತ್ತು ಸಲ ಲೇಸರ್ ಹಾಯಿಸಿದ ಮೇಲೆ ಹಚ್ಚೆ ಯಶಸ್ವಿಯಾಗಿ ಹೋದದ್ದು ನೂರಕ್ಕೆ 47 ಜನರಲ್ಲಿ. ಹದಿನೈದು ಸಲದ ನಂತರ ಸುಮಾರು 75. ಬೀಡಿ ಸಿಗರೇಟು ಸೇದುವವರಲ್ಲಿ, ಕಾಲಿನ ಮೇಲೆ ಹಚ್ಚೆ ಇದ್ದವರಲ್ಲಿ, ಕಪ್ಪು ಕೆಂಪು ಬಿಟ್ಟು ಬೇರೆ ಬಣ್ಣ ತುಂಬಿಸಿಕೊಂಡವರಲ್ಲಿ ಫಲ ಕಡಿಮೆ. ಎಂಟು ವಾರಕ್ಕಿಂತ ಬೇಗ ಬೇಗ ಮಾಡಿಸಿಕೊಂಡವರಲ್ಲೂ ಕಡಿಮೆಯೇ.

"ಅಂದರೆ ಹತ್ತು ಸಲ ಅಂದರೂ ಒಂದೂವರೆ ವರ್ಷ!"

"ಕಪ್ಪು ಬಣ್ಣದ್ದಾದರೆ ಅದಕ್ಕೂ ಬೇಗ ಆಗಬಹುದು. ನಿಮ್ಮ ಹುಡುಗನದು ಪೂರ್ತಿ ಕಪ್ಪಾ?"

"ಕತ್ತಿಯ ಹಿಡಿಗೆ ಹಸಿರು ತುಂಬಿಸಿದ್ದಾನೆ."

"ಹಸಿರು ಕಷ್ಟದ ಬಣ್ಣ. ಕಪ್ಪಿಗೆ 1064 ನ್ಯಾನೋಮೀಟರಿನ ಬೆಳಕು ಸಾಕು. ನಮ್ಮಂಥ ಕಂದು ಮೈಬಣ್ಣಕ್ಕೆ ಅದೇ ಕ್ಷೇಮ, ಏಕೆಂದರೆ ಚರ್ಮದ ಸ್ವಂತ ಬಣ್ಣವನ್ನು ಅದು ಕಡಿಮೆ ಮುಟ್ಟುತ್ತೆ. ಹಸಿರಿಗೆ, ನೀಲಿಗೆ ಬೇರೆ ಅಲೆಯ ಯಂತ್ರ ಬೇಕು, ಎಲ್ಲ ಕಡೆ ಇರಲ್ಲ. ಬಿಳಿ ಬಣ್ಣ, ಮೈಬಣ್ಣದ ಶಾಯಿ ಇದ್ದರೆ ಇನ್ನೂ ಎಚ್ಚರ. ಅದರಲ್ಲಿರೋ ಟೈಟಾನಿಯಂ, ಕಬ್ಬಿಣದ ಅಂಶ ಲೇಸರ್ ತಾಗಿದ ಕೂಡಲೇ ಕಪ್ಪಾಗಿಬಿಡುತ್ತೆ. ತೆಗೆಯೋಕೆ ಹೋಗಿ ಹೊಸ ಕಲೆ. ಅದಕ್ಕೆ ಮೊದಲು ಒಂದು ಮೂಲೆಯಲ್ಲಿ ಪರೀಕ್ಷೆ ಮಾಡಿ ನೋಡುತ್ತೇವೆ."

ಯಂತ್ರಕ್ಕಾಗಿ ಕೊಡಗಿನ ಹಲವರು ಮೈಸೂರಿಗೋ ಮಂಗಳೂರಿಗೋ ಹೋಗುತ್ತಾರೆ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಹೋಗಿಬರಲು ಒಂದು ದಿನ. ಅಂಥ ದಿನಗಳು ಹತ್ತು ಹದಿನೈದು. ಆದ್ದರಿಂದಲೇ ಹುಡುಗರು ಅಡ್ಡದಾರಿ ಹುಡುಕುತ್ತಾರೆ. ಮಾತು ಅಲ್ಲಿಗೆ ಬಂದಾಗ ವೈದ್ಯೆಯ ಧ್ವನಿ ಗಟ್ಟಿಯಾಯಿತು.

"ನನ್ನ ಹತ್ತಿರ ಬರೋದು ಕೆಡಿಸಿಕೊಂಡ ಮೇಲೆ ಅಂಕಲ್. ಒಬ್ಬ ಆನ್‌ಲೈನಿನಲ್ಲಿ ಆಸಿಡ್ ತರಿಸಿ ಹಚ್ಚಿಕೊಂಡಿದ್ದ. ಇನ್ನೊಬ್ಬ ಕಲ್ಲುಪ್ಪಿನಿಂದ ರಕ್ತ ಬರೋವರೆಗೆ ತಿಕ್ಕಿದ್ದ. ಉಪ್ಪಿನಿಂದ ಹಚ್ಚೆ ತಿಕ್ಕಿ ತೆಗೆಯೋದು ಆರನೇ ಶತಮಾನದ ಗ್ರೀಕ್ ವೈದ್ಯರ ಪುಸ್ತಕದಲ್ಲೇ ಇದೆ, ಅಷ್ಟು ಹಳೆಯ ತಪ್ಪು ಅದು. ಸುಣ್ಣಕ್ಕೆ ಬಟ್ಟೆಸೋಡಾ ಕಲೆಸಿ ಮಚ್ಚೆಗೆ ಇಡುವ ನಮ್ಮೂರ ಮದ್ದು ಗೊತ್ತಲ್ಲ? ಅದನ್ನ ಹಚ್ಚೆಗೂ ಇಟ್ಟವರಿದ್ದಾರೆ. ಚೇರೆ ಮರದ ಸೊನೆ ಹಚ್ಚಿದವರನ್ನೂ ನೋಡಿದ್ದೇನೆ."

"ಅಯ್ಯೋ, ಚೇರೆ ಮರದ ಕೆಳಗೆ ನಿಂತರೇ ಮೈ ಊದುತ್ತೆ ಅಂತಾರೆ!"

"ಸೊನೆ ತಾಗಿದರೆ ಕೆಲವರಿಗೆ ವಾರಗಟ್ಟಲೆ ಗುಳ್ಳೆ ಏಳುತ್ತೆ. ಇವೆಲ್ಲದರಲ್ಲೂ ಸುಡೋದು ಚರ್ಮ, ಬಣ್ಣ ಅಲ್ಲ. ಬಣ್ಣ ಅರ್ಧ ಉಳಿದು ಅದರ ಮೇಲೆ ಗಡುಸು ಕಲೆ ಕೂರುತ್ತೆ. ತೋಳಿನ ಮೇಲ್ಭಾಗ, ಎದೆ, ಭುಜ ಈ ಜಾಗಗಳಲ್ಲಿ ಗಾಯ ಕೆಲವರಿಗೆ ಕೆಲಾಯ್ಡ್ ಆಗಿ ಉಬ್ಬಿ ಬೆಳೆಯುತ್ತೆ, ಗಾಯಕ್ಕಿಂತ ದೊಡ್ಡದಾಗಿ ಹರಡುತ್ತೆ. ಅಂಥ ಕಲೆಯನ್ನು ಸೇನೆಯ ವೈದ್ಯರು ನೋಡದೆ ಬಿಡ್ತಾರಾ?"

"ಬಿಡಲ್ಲ. ಅದನ್ನೂ ಮುಟ್ಟಿ ನೋಡ್ತಾರೆ."

"ಹಳೆ ಹಚ್ಚೆ ಮೇಲೆ ದೊಡ್ಡ ಹಚ್ಚೆ ಹಾಕಿಸಿ ಮುಚ್ಚೋದೂ ಒಂದು ಉಪಾಯ ಅಂತ ಹೇಳ್ತಾರೆ. ಮುಂದೆಂದೂ ತೆಗೆಸಲ್ಲ ಅನ್ನೋವರಿಗೆ ಸರಿ. ತೆಗೆಸಬೇಕಾದವರಿಗೆ ಅದು ಎರಡು ಪಟ್ಟು ಬಣ್ಣ, ಎರಡು ಪಟ್ಟು ಕೆಲಸ."

ಸುಬೇದಾರರಿಗೆ ಬಾಲ್ಯ ನೆನಪಾಯಿತು. ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಕಡೆಯಿಂದ ತೋಟದ ಕೆಲಸಕ್ಕೆ ಬರುತ್ತಿದ್ದ ಹೆಂಗಸರ ಮುಂಗೈಯಲ್ಲಿ ಹಸಿರು ಚುಕ್ಕಿ, ಚೇಳು, ತುಳಸಿಕಟ್ಟೆ ಇರುತ್ತಿದ್ದವು. ಸಂತೆ, ಜಾತ್ರೆಗಳಲ್ಲಿ ಕೊರವಂಜಿಯರು ದೀಪದ ಮಸಿಗೆ ಸೊಪ್ಪಿನ ರಸ ಬೆರೆಸಿ ಸೂಜಿಯಲ್ಲಿ ಚುಚ್ಚಿ ಬರೆಯುತ್ತಿದ್ದ ಹಚ್ಚೆ ಅದು. ಮಸಿ ಕಪ್ಪು, ಒಳಚರ್ಮದಾಳದಿಂದ ಕಾಣುವಾಗ ಮಾತ್ರ ಹಸಿರು ನೀಲಿ. ಆ ಹೆಂಗಸರಲ್ಲಿ ಒಬ್ಬರೂ ಅದನ್ನು ತೆಗೆಸಬೇಕು ಎಂದದ್ದು ಅವರು ಕೇಳಿಲ್ಲ. ಗಂಡನ ಹೆಸರನ್ನು ಬಾಯಲ್ಲಿ ಹೇಳದ ಕಾಲದಲ್ಲಿ ಕೈಯಲ್ಲಿ ಹೊತ್ತು ತಿರುಗಿದವರು ಅವರು.

"ಅವು ಲೇಸರಿಗೆ ಬೇಗ ಹೋಗುತ್ತವೆ ಗೊತ್ತಾ?" ಎಂದರು ವೈದ್ಯೆ. "ಬರೀ ಮಸಿ, ಅದೂ ಕಡಿಮೆ. ಈಗಿನ ಯಂತ್ರದ ಹಚ್ಚೆ ಒತ್ತಾಗಿ ಬಣ್ಣ ತುಂಬುತ್ತೆ. ಆ ಬಣ್ಣದಲ್ಲಿ ಏನಿದೆ ಅನ್ನೋದು ಹಾಕಿಸಿಕೊಂಡವನಿಗೂ ಗೊತ್ತಿಲ್ಲ, ಎಷ್ಟೋ ಸಲ ಹಾಕಿದವನಿಗೂ ಗೊತ್ತಿಲ್ಲ."

ಈ ಮಾತು ಸುಮ್ಮನೆ ಹೇಳಿದ್ದಲ್ಲ. 2025ರ ಆರಂಭದಲ್ಲಿ ಕರ್ನಾಟಕದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್, ಪರೀಕ್ಷೆಗೆ ಕಳಿಸಿದ ಹಚ್ಚೆ ಶಾಯಿಯ ಮಾದರಿಗಳಲ್ಲಿ ಆರ್ಸೆನಿಕ್, ಕ್ರೋಮಿಯಂ, ಸೆಲೆನಿಯಂ ಸೇರಿ 22 ಲೋಹಗಳು ಸಿಕ್ಕಿವೆ ಎಂದು ತಿಳಿಸಿದ್ದರು. ಶಾಯಿಗೆ ಮಾನದಂಡ ನಿಗದಿ ಮಾಡುವಂತೆ ಕೇಂದ್ರಕ್ಕೆ ಬರೆಯುವುದಾಗಿಯೂ ಹೇಳಿದ್ದರು. ಯುರೋಪಿನ ಒಕ್ಕೂಟ 2022ರ ಜನವರಿಯಿಂದಲೇ ಹಚ್ಚೆ ಶಾಯಿಯಲ್ಲಿ ಬಳಸುವ ನಾಲ್ಕು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳಿಗೆ ನಿರ್ಬಂಧ ಹಾಕಿದೆ. ನಮ್ಮಲ್ಲಿ ತುಟಿಗೆ ಹಚ್ಚುವ ಬಣ್ಣಕ್ಕೆ ಕಾನೂನು ಇದೆ, ಚರ್ಮದೊಳಕ್ಕೆ ಇಳಿಸುವ ಬಣ್ಣಕ್ಕೆ ಅಂಥ ಬಿಗಿ ಇಲ್ಲದಿರುವುದು ಒಪ್ಪತಕ್ಕದ್ದಲ್ಲ.

"ಸೂಜಿಯ ವಿಷಯವೂ ಅಷ್ಟೇ," ಎಂದು ವೈದ್ಯೆ ಮುಂದುವರಿಸಿದರು. "ಹೊಸ ಸೂಜಿಯನ್ನು ನಮ್ಮೆದುರೇ ಪ್ಯಾಕೆಟ್ ಒಡೆದು ತೆಗೆಯಬೇಕು. ಶಾಯಿಯನ್ನು ಒಬ್ಬೊಬ್ಬರಿಗೂ ಬೇರೆ ಬಟ್ಟಲಿಗೆ ಹಾಕಬೇಕು, ನಲ್ಲಿ ನೀರು ಬೆರೆಸಬಾರದು. ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಮೂರೂ ರಕ್ತ ಅಂಟಿದ ಸೂಜಿಯಿಂದ ಬರುತ್ತವೆ. ಹಚ್ಚೆ ಹಾಕಿಸಿದ ಮೇಲೆ 12 ತಿಂಗಳು ರಕ್ತದಾನ ಮಾಡುವ ಹಾಗಿಲ್ಲ ಅಂತ ಇರೋ ನಿಯಮ ಅದಕ್ಕೇ. ಇನ್ನೊಂದು, ಮಚ್ಚೆಯ ಮೇಲೆ ಹಚ್ಚೆ ಹಾಕಿಸಲೇಬಾರದು. ಆ ಮಚ್ಚೆ ಮುಂದೆ ಬಣ್ಣ, ಆಕಾರ ಬದಲಿಸಿದರೆ ನಮಗೆ ಕಾಣೋದೇ ಇಲ್ಲ."

ಅಷ್ಟು ಹೊತ್ತಿಗೆ ಸುಬೇದಾರರು ಒಂದು ಕಾಲನ್ನು ಇನ್ನೊಂದಕ್ಕೆ ತಿಕ್ಕಿಕೊಳ್ಳುವುದನ್ನು ವೈದ್ಯೆ ಮೂರನೇ ಸಲ ಗಮನಿಸಿದ್ದರು.

"ಎಲ್ಲಿ, ಕಾಲು ತೋರಿಸಿ ಅಂಕಲ್."

"ಏನಿಲ್ಲ, ಗಂಬೂಟಿನ ಕಾಟ. ಮಳೆಗಾಲ ಅಂದಮೇಲೆ ಇದ್ದದ್ದೇ."

ಇದ್ದದ್ದೇ ಎಂದು ಬಿಟ್ಟುಬಿಡುವುದೇ ಕೊಡಗಿನ ಚರ್ಮದ ದೊಡ್ಡ ತೊಂದರೆ. ಇಲ್ಲಿ ಮಳೆಯನ್ನು ಇಂಚು, ಸೆಂಟುಗಳಲ್ಲಿ ಬರೆದಿಡುವ ಮನೆಗಳಿವೆ. ಭಾಗಮಂಡಲದ ಕಡೆ ವರ್ಷದ ಲೆಕ್ಕ 200 ಇಂಚು ದಾಟುವುದುಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದಿಲ್ಲ, ಬೂಟು ಒಣಗುವುದಿಲ್ಲ, ಬೆರಳ ಸಂದಿಯೂ ಒಣಗುವುದಿಲ್ಲ. ಸುಬೇದಾರರ ನಾಲ್ಕನೇ ಮತ್ತು ಕಿರುಬೆರಳಿನ ನಡುವೆ ಚರ್ಮ ಬೆಳ್ಳಗೆ ನೆನೆದು ಸೀಳಿತ್ತು. ಕೆಸರುಹುಣ್ಣು.

"ರಾತ್ರಿ ಕಾಲು ತೊಳೆದ ಮೇಲೆ ಏನು ಮಾಡ್ತೀರಿ?"

"ಕೊಬ್ಬರಿ ಎಣ್ಣೆ ಹಚ್ಚಿ ಮಲಗ್ತೀನಿ."

"ಎಣ್ಣೆ ಹಿಮ್ಮಡಿಗೆ ಒಳ್ಳೆಯದು, ಬೆರಳ ಸಂದಿಗೆ ಅಲ್ಲ. ಒದ್ದೆಯ ಮೇಲೆ ಎಣ್ಣೆ ಹಾಕಿದರೆ ಒದ್ದೆ ಒಳಗೇ ಉಳಿಯುತ್ತೆ. ಸಂದಿ ಸಂದಿಯನ್ನೂ ಒಣ ಬಟ್ಟೆಯಲ್ಲಿ ಒರೆಸಿ, ಬೇಕಾದರೆ ಒಲೆಯ ಹತ್ತಿರ ಸ್ವಲ್ಪ ಹೊತ್ತು ಕೂತು ಆರಿಸಿ, ಆಮೇಲೆ ಫಂಗಸ್ಸಿನ ಮುಲಾಮು. ಗುಣ ಆಯ್ತು ಅನಿಸಿದ ಮೇಲೂ ಎರಡು ವಾರ ಹಚ್ಚಿ. ಗಂಬೂಟಿನೊಳಗೆ ಹತ್ತಿ ಕಾಲುಚೀಲ, ದಿನಕ್ಕೆ ಎರಡು ಜೊತೆ. ಆ ಸೀಳು ಸಣ್ಣದು ಅಂತ ಬಿಡಬೇಡಿ. ಇಲಿಜ್ವರದ ರೋಗಾಣು ಗದ್ದೆ ನೀರಿನಿಂದ ಒಳಗೆ ಬರೋದು ಇಂಥ ಸೀಳಿನಿಂದಲೇ. ನಾಟಿ ಸಮಯದಲ್ಲಿ ಕಾಲು ಒಡೆದವರು ಗದ್ದೆಗೆ ಇಳಿದು, ಆಮೇಲೆ ಜ್ವರ, ಮೈಕೈ ನೋವು ಬಂದರೆ ತಡ ಮಾಡದೆ ಆಸ್ಪತ್ರೆಗೆ ಬರಬೇಕು."

ಜಿಗಣೆಯ ಮಾತೂ ಬಂತು. ಕಿತ್ತು ತೆಗೆದರೆ ಬಾಯಿಯ ಭಾಗ ಒಳಗೆ ಉಳಿದು ಹುಣ್ಣಾಗಬಹುದು, ಉಗುರಿನಿಂದ ಮೆಲ್ಲನೆ ಪಕ್ಕಕ್ಕೆ ಸರಿಸಿ ಬಿಡಿಸುವುದೇ ವಾಸಿ ಎಂದರು ವೈದ್ಯೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಅದು ಬಿಟ್ಟಿರುತ್ತದೆ, ಹಾಗಾಗಿ ಸೋರಿಕೆ ಗಂಟೆಗಟ್ಟಲೆ ನಿಲ್ಲದಿದ್ದರೂ ಹೆದರಬೇಕಿಲ್ಲ. ಹೆದರಬೇಕಾದ್ದು ಆಮೇಲೆ ವಾರಗಟ್ಟಲೆ ಕೆರೆದುಕೊಳ್ಳುವುದಕ್ಕೆ.

"ತೋಟದ ಲೈನ್‌ಮನೆಯಲ್ಲಿ ಒಬ್ಬರಿಗೆ ತುರಿಕೆ ಬಂದರೆ ಎಲ್ಲರಿಗೂ ಬರುತ್ತೆ. ಮೆಡಿಕಲ್‌ನಿಂದ ಒಂದು ಟ್ಯೂಬ್ ತಂದು ಎಲ್ಲರೂ ಹಚ್ಚಿಕೊಳ್ತಾರೆ. ಎರಡೇ ದಿನದಲ್ಲಿ ಗುಣ ಅಂತಾರೆ."

"ಯಾವ ಟ್ಯೂಬ್ ಅಂಕಲ್? ಅದೇ ನನಗೆ ತಲೆನೋವು." ವೈದ್ಯೆ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. "ಸ್ಟೀರಾಯ್ಡ್, ಫಂಗಸ್ ಮದ್ದು, ಆಂಟಿಬಯಾಟಿಕ್ ಮೂರನ್ನೂ ಬೆರೆಸಿದ ಮುಲಾಮುಗಳಿವೆ. ಸ್ಟೀರಾಯ್ಡ್ ಎರಡು ದಿನದಲ್ಲಿ ಕೆಂಪು, ತುರಿಕೆ ಇಳಿಸುತ್ತೆ. ಹುಳುಕಡ್ಡಿಯ ಫಂಗಸ್ ಒಳಗೊಳಗೇ ಹರಡ್ತಾ ಇರುತ್ತೆ. ನಿಲ್ಲಿಸಿದ ಕೂಡಲೇ ಮೊದಲಿಗಿಂತ ಜೋರಾಗಿ ಬರುತ್ತೆ, ಉಂಗುರದ ಆಕಾರವೂ ಇರಲ್ಲ, ನಮಗೇ ಗುರುತಿಸೋದು ಕಷ್ಟ. ತೊಡೆ ಸಂದಿಯ ಚರ್ಮ ತೆಳುವಾಗಿ ಬಿರುಕು ಬಿಟ್ಟ ಗೆರೆ ಆಗುತ್ತೆ, ಆ ಗೆರೆ ಮತ್ತೆ ಹೋಗಲ್ಲ. ಹೆಂಗಸರು ಅದನ್ನೇ ಬಿಳುಪಾಗೋಕೆ ಅಂತ ಮುಖಕ್ಕೆ ಹಚ್ಚಿ ಬಂಗು, ಮೊಡವೆ, ಮುಖದಲ್ಲಿ ರೋಮ ತರಿಸಿಕೊಂಡು ಬರ್ತಾರೆ. 2018ರಲ್ಲೇ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಪಟ್ಟಿಗೆ ಸೇರಿಸಿತು."

"ಚೀಟಿ ಯಾರು ಕೇಳ್ತಾರೆ?"

"ಕೇಳಬೇಕು. ಇಂಡಿಯಾದ ಹೆಸರು ಹೊತ್ತ ಹುಳುಕಡ್ಡಿ ಫಂಗಸ್ ಒಂದಿದೆ, ಟ್ರೈಕೊಫೈಟನ್ ಇಂಡೊಟಿನಿಯೆ ಅಂತ. ಜಪಾನಿನವರು 2020ರಲ್ಲಿ ಗುರುತಿಸಿ ಹೆಸರಿಟ್ಟರು. ಸಾಮಾನ್ಯ ಮಾತ್ರೆಗೆ ಎಷ್ಟೋ ಸಲ ಬಗ್ಗೋದೇ ಇಲ್ಲ, ಈಗ ದೇಶ ದೇಶ ಸುತ್ತುತ್ತಿದೆ. ಇನ್ನು ಲೈನ್‌ಮನೆಯದು ರಾತ್ರಿ ಹೆಚ್ಚಾಗುವ ತುರಿಕೆಯಾದರೆ, ಬೆರಳ ಸಂದಿ, ಮಣಿಕಟ್ಟು, ಹೊಟ್ಟೆ ಮೇಲೆ ಗುಳ್ಳೆ ಇದ್ದರೆ, ಅದು ಕಜ್ಜಿ. ಕಜ್ಜಿಗೆ ಮದ್ದು ಬೇರೆ. ಕುತ್ತಿಗೆಯಿಂದ ಪಾದದವರೆಗೆ ಹಚ್ಚಿ ರಾತ್ರಿಯಿಡೀ ಬಿಡಬೇಕು, ತುರಿಕೆ ಇಲ್ಲದವರೂ ಸೇರಿ ಮನೆಯವರೆಲ್ಲ ಒಂದೇ ದಿನ ಹಚ್ಚಬೇಕು, ವಾರ ಬಿಟ್ಟು ಮತ್ತೊಮ್ಮೆ. ಬಟ್ಟೆ, ಕಂಬಳಿ ಬಿಸಿನೀರಿಗೆ ಹಾಕಬೇಕು. ನೀವು ತೋಟದ ಯಜಮಾನರು, ಎಲ್ಲರಿಗೂ ಒಂದೇ ದಿನ ಮಾಡಿಸೋದು ನಿಮ್ಮಿಂದ ಆಗುತ್ತೆ."

ಸುಬೇದಾರರು ತಲೆದೂಗಿದರು. ಅವರ ಮನೆಯವರು ತಿಂಡಿ ತಂದಿಟ್ಟು ತಮ್ಮ ಹೆಬ್ಬೆರಳನ್ನೂ ಮುಂದೆ ಚಾಚಿದರು. ಉಗುರಿನ ಸುತ್ತ ಊದಿ, ಒತ್ತಿದರೆ ನೋವು. ಉಗುರುಸುತ್ತಿಗೆ ಅವರು ಕಾಚಂಪುಳಿ ಹಚ್ಚುತ್ತಿದ್ದರು.

"ಆಂಟಿ, ಕಾಚಂಪುಳಿ ಹಂದಿಮಾಂಸಕ್ಕೆ ಇರಲಿ, ಅಷ್ಟು ಹುಳಿ ಗಾಯಕ್ಕೆ ಬೇಡ. ಪಾತ್ರೆ, ಬಟ್ಟೆ, ಹಟ್ಟಿ ಅಂತ ದಿನವಿಡೀ ನೀರಲ್ಲಿ ಕೈ. ಉಗುರಿನ ಬುಡದಲ್ಲಿ ಒಂದು ತೆಳು ಅಂಚು ಇದೆಯಲ್ಲ, ಅದು ಬಾಗಿಲಿನ ಹಾಗೆ. ನೆನೆದು ನೆನೆದು ಅದು ಬಿಟ್ಟುಕೊಂಡರೆ ಒಳಗೆ ಬೂಷ್ಟು ಸೇರುತ್ತೆ. ಒಳಗೆ ಹತ್ತಿ ಗವಸು, ಮೇಲೆ ರಬ್ಬರ್ ಗವಸು ಹಾಕಿ ಕೆಲಸ ಮಾಡಿ. ಬರೀ ರಬ್ಬರ್ ಆದರೆ ಬೆವರಿಗೆ ಮತ್ತೆ ಅದೇ ಕತೆ. ಕೀವು ಕಟ್ಟಿದರೆ ಬನ್ನಿ, ತೆಗೆದು ಕೊಡ್ತೀನಿ. ಪಾರ್ಲರಿನಲ್ಲಿ ಆ ಅಂಚನ್ನು ಕತ್ತರಿಸಿ ಚೆಂದ ಮಾಡ್ತಾರೆ, ಅದನ್ನ ಮುಟ್ಟಲು ಬಿಡಬೇಡಿ ಅಂತ ನಿಮ್ಮ ಸೊಸೆಗೂ ಹೇಳಿ."

"ಅವಳು ಮದುವೆಗೆ ಅಂತ ಕುಶಾಲನಗರದಲ್ಲಿ ಜೆಲ್ ಉಗುರು ಹಾಕಿಸಿಕೊಂಡು ಬಂದಿದ್ದಾಳೆ."

"ಅಪರೂಪಕ್ಕೆ ಆದರೆ ಪರವಾಗಿಲ್ಲ. ತೆಗೆಯುವಾಗ ಕೆರೆದು ಕೀಳಬಾರದು. ಆ ಜೆಲ್ ಚರ್ಮಕ್ಕೆ ತಾಗಿ ಅಲರ್ಜಿ ಶುರುವಾದರೆ ಜೀವನಪೂರ್ತಿ ಇರುತ್ತೆ, ಮುಂದೆ ಹಲ್ಲಿನ ಚಿಕಿತ್ಸೆಯಲ್ಲೂ ಆ ಜಾತಿಯ ವಸ್ತು ತೊಂದರೆ ಕೊಡಬಹುದು. ಜೆಲ್ ಗಟ್ಟಿಯಾಗೋಕೆ ಹಾಕುತ್ತಿದ್ದ ಟಿಪಿಒ ಅನ್ನೋ ರಾಸಾಯನಿಕವನ್ನ ಯುರೋಪಿನಲ್ಲಿ 2025ರ ಸೆಪ್ಟೆಂಬರ್ 1ರಿಂದ ನಿಷೇಧಿಸಿದ್ದಾರೆ."

ಉಗುರು ತಿಂಗಳಿಗೆ ಬೆಳೆಯುವುದು ಕೈಯಲ್ಲಿ ಸುಮಾರು 3 ಮಿಲಿಮೀಟರ್, ಕಾಲಿನಲ್ಲಿ ಅದರ ಅರ್ಧಕ್ಕೂ ಕಡಿಮೆ. ಕೆಟ್ಟ ಕೈಯುಗುರು ಪೂರ್ತಿ ಹೊಸದಾಗಲು ಆರು ತಿಂಗಳು, ಕಾಲಿನ ಹೆಬ್ಬೆರಳಿನದಾದರೆ ಒಂದರಿಂದ ಒಂದೂವರೆ ವರ್ಷ. ಉಗುರು ಫಂಗಸ್ಸಿನ ಮಾತ್ರೆಯನ್ನು ಕೈಗೆ ಆರು ವಾರ, ಕಾಲಿಗೆ ಹನ್ನೆರಡು ವಾರ ಕೊಟ್ಟು ನಿಲ್ಲಿಸಿದ ಮೇಲೂ ಉಗುರು ಕೆಟ್ಟದಾಗಿಯೇ ಕಾಣುವುದು ಇದೇ ಕಾರಣಕ್ಕೆ. ಮದ್ದು ನಾಟಲಿಲ್ಲ ಎಂದು ಬೈದುಕೊಂಡು ಇನ್ನೊಂದು ಅಂಗಡಿಗೆ ಹೋಗುವವರು ಬಹಳ. ಚರ್ಮ, ಉಗುರು ತಮ್ಮ ವೇಗದಲ್ಲೇ ನಡೆಯುತ್ತವೆ. ಹಚ್ಚೆಯ ವಿಷಯದಲ್ಲಿ ವೈದ್ಯೆ ಹೇಳಿದ್ದೂ, ಎರಡು ದಿನದ ಟ್ಯೂಬಿನ ವಿಷಯದಲ್ಲಿ ಹೇಳಿದ್ದೂ ಇದನ್ನೇ.

"ನಮ್ಮ ಹುಡುಗರಿಗೆ ಹಾಕಿ ಆಡುವಾಗ ಹೆಬ್ಬೆರಳಿಗೆ ಪೆಟ್ಟು ಬಿದ್ದು ಉಗುರು ಕಪ್ಪಾಗೋದು ಇದ್ದದ್ದೇ. ಅದಕ್ಕೂ ಮದ್ದು ಬೇಕಾ?"

"ಪೆಟ್ಟಿನ ಕಪ್ಪು ಉಗುರಿನ ಜೊತೆ ಮುಂದಕ್ಕೆ ಸರಿದು ಹೋಗುತ್ತೆ. ಸರಿಯದೆ ನಿಂತರೆ, ಉದ್ದ ಗೆರೆಯಾಗಿ ಅಗಲವಾದರೆ, ಬುಡದ ಚರ್ಮಕ್ಕೂ ಕಪ್ಪು ಹರಡಿದರೆ ತೋರಿಸಲೇಬೇಕು. ಗಾಯಕ ಬಾಬ್ ಮಾರ್ಲಿ 1977ರಲ್ಲಿ ಫುಟ್‌ಬಾಲ್ ಪೆಟ್ಟು ಅಂದುಕೊಂಡಿದ್ದ ಕಾಲುಗುರಿನ ಗಾಯ ಮೆಲನೋಮಾ ಅನ್ನೋ ಚರ್ಮದ ಕ್ಯಾನ್ಸರ್ ಆಗಿತ್ತು. 1981ರಲ್ಲಿ ತೀರಿಕೊಂಡರು, ವಯಸ್ಸು ಬರೀ 36. ನಮ್ಮ ಮೈಬಣ್ಣದವರಿಗೆ ಈ ಕಾಯಿಲೆ ಅಪರೂಪ, ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನಲ್ಲೇ. ಮೈಮೇಲೆ ಎಲ್ಲಾದರೂ ಬಿಳುಪು ಮಚ್ಚೆ ಬಂದು ಅಲ್ಲಿ ಸ್ಪರ್ಶ ತಿಳಿಯದಿದ್ದರೂ ಹಾಗೇ ತೋರಿಸಬೇಕು, ಅದು ಚಿಬ್ಬು ಅಂತ ತಳ್ಳಿಹಾಕಬಾರದು. ಕುಷ್ಠಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಮದ್ದು ಪೂರ್ತಿ ಉಚಿತ."

ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಸುವ ದಿನಗಳ ಬಗ್ಗೆಯೂ ವೈದ್ಯೆ ಒಂದು ಮಾತು ಸೇರಿಸಿದರು. ಮೈಲುತುತ್ತ, ಸುಣ್ಣದ ನೀರು ಬರಿಗೈಯಲ್ಲಿ ಕಲೆಸಿದರೆ ಅಂಗೈ ಸಿಪ್ಪೆ ಏಳುತ್ತದೆ, ಕಣ್ಣಿಗೆ ಹಾರಿದರೆ ಸುಣ್ಣ ಕಣ್ಣನ್ನೇ ಸುಡಬಹುದು. ಉದ್ದ ಗವಸು, ಕನ್ನಡಕ ಕೊಡದೆ ಹೊಡೆಸಬಾರದು. ಮೈಗೆ ಬಿದ್ದರೆ ಧಾರೆಯಾಗಿ ಹರಿಯುವ ನೀರಿನಲ್ಲಿ ಕಾಲು ಗಂಟೆಯಾದರೂ ತೊಳೆಯಬೇಕು.

ಮಳೆ ಸ್ವಲ್ಪ ಇಳಿದಿತ್ತು. ಸುಬೇದಾರರು ಮತ್ತೆ ಹುಡುಗನ ಮಾತಿಗೆ ಬಂದರು.

"ಹೇಳಿ ಡಾಕ್ಟ್ರಮ್ಮ, ಅವನಿಗೆ ಏನು ಅಂತ ಹೇಳಲಿ?"

"ಮೊದಲು ಕರೆದುಕೊಂಡು ಬನ್ನಿ. ಇಲ್ಲವೇ ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಚರ್ಮರೋಗ ವಿಭಾಗಕ್ಕೆ ಹೋಗಲಿ, ಅಲ್ಲಿ ತೋರಿಸಿ ಎಲ್ಲಿ ಲೇಸರ್ ಮಾಡಿಸಬೇಕು ಅಂತ ಕೇಳಲಿ. ಲೇಸರ್ ಹಿಡಿಯುವವರು ಚರ್ಮರೋಗ ತಜ್ಞರೇ ಆಗಿರಬೇಕು, ಹಚ್ಚೆ ಅಂಗಡಿಯವರಲ್ಲ. ಎಷ್ಟು ಸಲ, ಎಷ್ಟು ದುಡ್ಡು, ಕಲೆ ಉಳಿಯುತ್ತಾ ಅಂತ ಮೊದಲೇ ಬರೆಸಿಕೊಳ್ಳಲಿ. ಪೂರ್ತಿ ಹೋಗುತ್ತೆ ಅಂತ ಖಾತ್ರಿ ಕೊಡುವವರನ್ನು ನಂಬಬೇಡಿ. ಪ್ರತಿ ಸಲವೂ ಫೋಟೊ, ಚೀಟಿ ಇಟ್ಟುಕೊಳ್ಳಲಿ. ಸಿಗರೇಟು ಇದ್ದರೆ ಬಿಡಲಿ. ಲೇಸರ್ ಆದ ಜಾಗಕ್ಕೆ ಬಿಸಿಲು ತಾಗಿಸಬಾರದು, ಮಡಿಕೇರಿ ಸಮುದ್ರಮಟ್ಟದಿಂದ ಸಾವಿರ ಮೀಟರಿಗಿಂತ ಎತ್ತರ, ಮೋಡ ಇದ್ದರೂ ಅತಿನೇರಳೆ ಕಿರಣ ಇಳಿಯುತ್ತೆ. ಗುಳ್ಳೆ ಎದ್ದರೆ ಒಡೆಯಬಾರದು. ಆ ದಿನಗಳಲ್ಲಿ ಬೀಮ್ ಅಭ್ಯಾಸ ಬೇಡ, ಓಡಲಿ."

"ಅವನ ವಯಸ್ಸಿನ ಮಿತಿಯೊಳಗೆ ಆಗುತ್ತಾ?"

"ಈಗಲೇ ಶುರು ಮಾಡಿದರೆ ಆಗಬಹುದು. ಹಸಿರು ಇರೋದರಿಂದ ಖಂಡಿತ ಆಗುತ್ತೆ ಅಂತ ನಾನು ಹೇಳಲ್ಲ. ಜೊತೆಗೆ ಬೇರೆ ಪರೀಕ್ಷೆಗೂ ಓದಲಿ."

ಸುಬೇದಾರರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕಕ್ಕಡ ಹದಿನೆಂಟಕ್ಕೆ, ಅಂದರೆ ಆಗಸ್ಟ್ 3ಕ್ಕೆ, ಮದ್ದುಪಾಯಸಕ್ಕೆ ಬರಲೇಬೇಕೆಂದು ಕರೆದರು. ಪಾಯಸಕ್ಕೆ ಹಾಕುವ ಮದ್ದುಸೊಪ್ಪು ಚರ್ಮಕ್ಕೂ ಒಳ್ಳೆಯದಂತೆ, ಹೌದಾ ಎಂದು ಕೇಳಿದರು.

"ಹದಿನೆಂಟು ಮದ್ದಿನ ಗುಣ ಅಂತ ಹಿರಿಯರ ನಂಬಿಕೆ, ಪಾಯಸ ನಾನು ಬಿಡಲ್ಲ. ಕುಡಿದ ಮೇಲೆ ಮೂತ್ರ ಕೆಂಪಾಗೋದು ಆ ಸೊಪ್ಪಿನ ಬಣ್ಣಕ್ಕೆ, ಗಾಬರಿ ಬೇಡ. ಆದರೆ ಚರ್ಮದ ಕಾಯಿಲೆಗೆ ಅದನ್ನೇ ಮದ್ದು ಅಂತ ನಂಬಿ ಕೂರಬೇಡಿ. ನಿಮ್ಮ ಬೆರಳ ಸಂದಿಗೆ ಇವತ್ತಿನಿಂದಲೇ ಮುಲಾಮು."

ಹದಿನಾರು, ಹದಿನೇಳರ ಮಕ್ಕಳಿರುವ ಮನೆಗಳವರು, ಅವರನ್ನು ಸೇನೆಗೆ, ಪೊಲೀಸಿಗೆ ಸಜ್ಜು ಮಾಡುವ ತರಬೇತುದಾರರು, ಶಾಲೆ ಕಾಲೇಜುಗಳ ಎನ್‌ಸಿಸಿ ಅಧಿಕಾರಿಗಳು ಒಂದು ಕೆಲಸ ಮಾಡಬೇಕು. ನೇಮಕಾತಿ ಅಧಿಸೂಚನೆಯಲ್ಲಿ ಹಚ್ಚೆಯ ಬಗ್ಗೆ ಇರುವ ಆ ನಾಲ್ಕು ಸಾಲುಗಳನ್ನು ಕನ್ನಡದಲ್ಲಿ ಬರೆದು ಮೈದಾನದ ಬಳಿ, ಕಾಲೇಜಿನ ಫಲಕದಲ್ಲಿ ಹಾಕಿ. ಹುಡುಗರು ಅದನ್ನು ಓದಬೇಕಾದ್ದು ಸೂಜಿ ತಾಗುವ ಮೊದಲು.